ಗ್ರೀನ್ ಗಿಟಾರಿನ ಮೂಗುದನಿ

ಪೀಟರ್ ಗ್ರೀನ್ 1967ರಲ್ಲಿ ಲಂಡನ್ನಿನಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದಾಗ ಅವನ ಕೈಯಲ್ಲಿದ್ದುದು 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರು. ಅಂಥದ್ದು ಬೇರೆಯವರ ಬಳಿಯೂ ಇತ್ತು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡು ಪಿಕಪ್‌ಗಳಲ್ಲಿ ಒಂದೊಂದನ್ನೇ ಹಾಕಿಕೊಂಡು ನುಡಿಸಿದರೆ ಇದೂ ಅವುಗಳಂತೆಯೇ. ಆದರೆ ಸ್ವಿಚ್ಚನ್ನು ನಡುವಿಗೆ ತಂದು ಎರಡನ್ನೂ ಒಟ್ಟಿಗೆ ಹಾಕಿದೊಡನೆ ದನಿಯ ಮೈಯೆಲ್ಲ ಕರಗಿ, ನೆಗಡಿ ಹಿಡಿದವನು ಹಾಡಿದಂಥ ತೆಳ್ಳನೆಯ ಮೂಗುದನಿ ಉಳಿಯುತ್ತಿತ್ತು. ವಿಚಿತ್ರವೆಂದರೆ, ಬ್ಲೂಸ್ ಕೇಳುವವರ ಕರುಳು ಹಿಂಡಿದ್ದೇ ಆ ದನಿ.

ಅದರ ಗುಟ್ಟಿಗಾಗಿ ತಡಕಾಡಿದವರಿಗೆ ಕಣ್ಣೆದುರೇ ಒಂದು ಸುಳಿವಿತ್ತು. ಕತ್ತಿನ ಬಳಿಯ ಪಿಕಪ್ ಹಿಂದುಮುಂದಾಗಿ ಕೂತಿತ್ತು. ಕತ್ತಿನ ಕಡೆಗಿರಬೇಕಾದ ಸ್ಕ್ರೂಗಳ ಸಾಲು ಬ್ರಿಜ್ಜಿನ ಕಡೆಗೆ ತಿರುಗಿತ್ತು. ತಾನೇ ಬಿಚ್ಚಿ ಮತ್ತೆ ಜೋಡಿಸುವಾಗ ಹಾಗಾಯಿತೆಂದು ಗ್ರೀನ್ ಹೇಳಿಕೊಂಡ. ಇನ್ನೇನು ಬೇಕು! ಅಭಿಮಾನಿಗಳು ತಮ್ಮ ಪಿಕಪ್‌ಗಳನ್ನೂ ತಿರುಗಿಸಿ ಕೂರಿಸಿದರು, ಸ್ವಿಚ್ಚನ್ನು ನಡುವಿಗಿಟ್ಟರು, ತಂತಿ ಮೀಟಿದರು. ಬಂದದ್ದು ಅದೇ ಹಳೆಯ ದನಿ. ಸುಳಿವೇ ದಾರಿ ತಪ್ಪಿಸಿತ್ತು.

1970ರಲ್ಲಿ ಗ್ರೀನ್ ತಂಡ ಬಿಟ್ಟ. ಗಿಟಾರನ್ನು ಐರ್ಲೆಂಡಿನ ಹುಡುಗ ಗ್ಯಾರಿ ಮೂರ್‌ಗೆ ತೀರ ಅಗ್ಗವಾಗಿ ಕೊಟ್ಟುಬಿಟ್ಟ. ಗಿಟಾರಿನ ಜೊತೆಗೆ ಒಗಟೂ ಕೈ ಬದಲಾಯಿಸಿತು. ನುಡಿಸುವ ಬೆರಳು ಬೇರೆಯಾದರೂ ನಡುವಿನ ಸ್ವಿಚ್ಚಿನಲ್ಲಿ ಮೂಗುದನಿ ಹಾಗೇ ಇತ್ತು. ಅಲ್ಲಿಗೆ, ಅದು ಗ್ರೀನ್‌ನ ಬೆರಳಿನ ಮಾಯೆಯಷ್ಟೇ ಎಂಬ ವಾದ ಬಿದ್ದುಹೋಯಿತು.

ಪಿಕಪ್ಪಿನ ವೈರುಗಳನ್ನು ಅದಲುಬದಲು ಮಾಡಿದರೂ ಅಂಥ ದನಿ ಬರುತ್ತದೆ, ನಿಜ. ಆದರೆ ಆ ಕಾಲದ ಪಿಕಪ್‌ಗಳಲ್ಲಿ ಹಾಗೆ ಮಾಡಿದರೆ ಲೋಹದ ಮುಚ್ಚಳಕ್ಕೇ ಸಿಗ್ನಲ್ ಹರಿದು, ಕೈ ತಾಕಿದಾಗಲೆಲ್ಲ ಗೊಂಯ್‌ಗುಟ್ಟುತ್ತದೆ. ಉತ್ತರ ಇನ್ನೂ ಆಳದಲ್ಲಿತ್ತು. 1980ರ ದಶಕದಲ್ಲಿ, ಹೇಮರ್ ಗಿಟಾರ್ ಕಂಪನಿಯ ಜೋಲ್ ಡಾಂಟ್ಜಿಗ್‌ಗೆ ಮೂರ್‌ನ ಆ ಗಿಟಾರನ್ನು ಪರೀಕ್ಷಿಸುವ ಅವಕಾಶ ಸಿಕ್ಕಿತು. ತಪ್ಪಿತಸ್ಥ ಹೊರಬಿದ್ದ: ಆ ಕತ್ತಿನ ಪಿಕಪ್ಪಿನೊಳಗೆ ತಂತಿ ಸುರುಳಿಗಳ ಅಡಿಯಲ್ಲಿ ಅಡಗಿ ಕೂತಿದ್ದ, ಸುಮಾರು ಎರಡೂವರೆ ಇಂಚು ಉದ್ದದ ಅಯಸ್ಕಾಂತದ ಪಟ್ಟಿ. ಅದು ಮಗುಚಿಕೊಂಡಿತ್ತು. ಮಗುಚಿದ್ದು ಕಾರ್ಖಾನೆಯವರೋ ರಿಪೇರಿಯವರೋ ಎಂಬ ಜಗಳ ಮಾತ್ರ ಮುಗಿಯಲೇ ಇಲ್ಲ.

ವಿವರಣೆ ಸರಳವಾಗಿತ್ತು. ಪಿಕಪ್ಪನ್ನು ಇಡಿಯಾಗಿ ತಿರುಗಿಸಿದರೆ ಸುರುಳಿಗಳೂ ಅಯಸ್ಕಾಂತವೂ ಒಟ್ಟಿಗೇ ತಿರುಗುತ್ತವೆ. ಅವುಗಳ ಸಂಬಂಧ ಬದಲಾಗದು. ಒಳಗಿನ ಅಯಸ್ಕಾಂತವೊಂದನ್ನೇ ಮಗುಚಿದರೆ ಧ್ರುವಗಳು ಅದಲುಬದಲಾಗಿ, ತಂತಿ ಕಂಪಿಸಿದಾಗ ಹುಟ್ಟುವ ವಿದ್ಯುತ್ತಿನ ಏರಿಳಿತ ತಿರುವುಮುರುವಾಗುತ್ತದೆ. ಒಂದೇ ಪಿಕಪ್ ನುಡಿದರೆ ಕಿವಿಗೆ ಅದು ತಿಳಿಯದು. ಎರಡೂ ಕೂಡಿದಾಗ ಒಂದು ಏರಿದರೆ ಇನ್ನೊಂದು ಇಳಿದು, ಎರಡರಲ್ಲೂ ಸಮನಾಗಿರುವ ಮಂದ್ರದ ಸ್ವರಾಂಶಗಳು ಪರಸ್ಪರ ಅಳಿದುಹೋಗುತ್ತವೆ. ಉಳಿಯುವುದು ಆ ಮೂಗುದನಿ.