ಕುಡಿತ ಬಿಡುವವನಿಗೆ ಒಬ್ಬ ಜೊತೆಗಾರ

ಕುಡಿತ ಕೆಟ್ಟದ್ದೆಂಬ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಿರಿಯರು ಹೇಳಿದ್ದಾರೆ, ಹರಿಕಥೆಯ ದಾಸರು ಹೇಳಿದ್ದಾರೆ. ಶಾಲೆಯ ಪ್ರಬಂಧದ ಪುಸ್ತಕಗಳಲ್ಲಿ ಮದ್ಯಪಾನದ ದುಷ್ಪರಿಣಾಮಗಳ ಮೇಲೆ ಒಂದು ಪ್ರಬಂಧ ತಪ್ಪದೆ ಇರುತ್ತದೆ. ಕುಡಿಯುವವನ ಹೆಂಡತಿ ಅತ್ತು ಹೇಳಿರುತ್ತಾಳೆ, ತಾಯಿ ದೇವರ ಮುಂದೆ ಆಣೆ ಮಾಡಿಸಿರುತ್ತಾಳೆ, ಸೋದರಮಾವ ಗದರಿಸಿರುತ್ತಾನೆ. ಇಷ್ಟಾದರೂ ಸಂಜೆಯಾಯಿತೆಂದರೆ ಆತನ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಹಾಗಾದರೆ ವಾಚಕರೇ, ಆತನಿಗೆ ಕೊರತೆಯಾಗಿರುವುದು ಬುದ್ಧಿವಾದವೆ? ಅಥವಾ ಬೇರೇನಾದರೂ ಇರಬಹುದೆ?

ನಮ್ಮ ಭಾಷೆ ಈ ಪ್ರಶ್ನೆಗೆ ಒಂದು ಸುಳಿವನ್ನು ಕೊಟ್ಟಿದೆ. ಸಪ್ತವ್ಯಸನಗಳಲ್ಲಿ ಕುಡಿತವೂ ಒಂದೆಂದು ನೀವು ಕೇಳಿದ್ದೀರಿ. ಅಲ್ಲಿ ವ್ಯಸನವೆಂದರೆ ಚಟ. ಆದರೆ 'ಅವರು ಬಹಳ ವ್ಯಸನಪಟ್ಟರು' ಎನ್ನುವಾಗ ಅದೇ ಮಾತಿಗೆ ದುಃಖವೆಂದು ಅರ್ಥ. ಚಟಕ್ಕೂ ದುಃಖಕ್ಕೂ ಒಂದೇ ಶಬ್ದವನ್ನು ಬಳಸಿದ ನಮ್ಮ ಪೂರ್ವಿಕರು, ಅವೆರಡೂ ಒಂದೇ ಮನೆಯಲ್ಲಿ ವಾಸಿಸುತ್ತವೆ ಎಂಬುದನ್ನು ಕಂಡಿದ್ದರು. ನಾವಾದರೋ ಚಟವನ್ನು ಬಯ್ಯುತ್ತೇವೆ, ದುಃಖವನ್ನು ವಿಚಾರಿಸುವುದಿಲ್ಲ.

ಇನ್ನು ದೇಹದ ಮಾತು. ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸತಕ್ಕ ವಸ್ತು. ದಿನವೂ ಅದು ಒಳಗೆ ಹೋಗುತ್ತಿದ್ದರೆ ಮಿದುಳು ಅದನ್ನು ಸರಿದೂಗಿಸಲು ತನ್ನ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ದಿನ ಮದ್ಯ ನಿಂತರೆ ಆ ಹೆಚ್ಚಿದ ವೇಗವೊಂದೇ ಉಳಿಯುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ರೆ ಬರುವುದಿಲ್ಲ. ಒಂದಿಷ್ಟು ಕುಡಿದರೆ ಎಲ್ಲವೂ ಅಡಗುತ್ತದೆ. ಹೀಗೆ ಸುಖಕ್ಕಾಗಿ ಆರಂಭಿಸಿದ್ದು ಸಂಕಟವನ್ನು ತಪ್ಪಿಸಿಕೊಳ್ಳುವ ಉಪಾಯವಾಗಿ ಮುಂದುವರಿಯುತ್ತದೆ. ಮದ್ಯಾವಲಂಬನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಯಲ್ಲಿ ಸೇರಿಸಿರುವುದು ಸುಮ್ಮನೆ ಅಲ್ಲ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನು ಕುಡಿಯುವವನ ಮೇಲೆ ಹೊರಿಸಬೇಡಿ. ಇದು ಹುಟ್ಟುಗುಣವಲ್ಲ, ಬೆಳೆಸಿಕೊಂಡದ್ದು. ಬೆಳೆಸಿಕೊಂಡದ್ದನ್ನು ಬಿಡಿಸಲು ಮಾರ್ಗವುಂಟು.

ಆ ಮಾರ್ಗಗಳಲ್ಲಿ ಒಂದು, ಒಬ್ಬನ ಎದುರಿಗೆ ಒಬ್ಬರು ಕುಳಿತು ನಡೆಸತಕ್ಕ ಮಾತುಕತೆ. ಇದನ್ನು ಕನ್ನಡದಲ್ಲಿ ಆಪ್ತಸಮಾಲೋಚನೆ ಎನ್ನುತ್ತಾರೆ. ಮಾತಿನಿಂದ ಕುಡಿತ ಬಿಡುತ್ತದೆಯೆ ಎಂದು ನೀವು ನಗಬಹುದು. ಮನೆಯಲ್ಲಿ ಇಷ್ಟು ದಿನ ನಡೆದದ್ದೂ ಮಾತೇ ತಾನೆ? ಹೌದು, ಆದರೆ ಮಾತಿನಲ್ಲಿ ಎರಡು ಬಗೆಯಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಎಂಬವರು 1983ರಲ್ಲಿ ಒಂದು ಲೇಖನದಲ್ಲಿ ಈ ಭೇದವನ್ನು ವಿವರಿಸಿದರು. ಕುಡಿಯುವವನಲ್ಲಿ ಯಾವಾಗಲೂ ಎರಡು ಮನಸ್ಸುಗಳಿರುತ್ತವೆ: ಬಿಡಬೇಕೆನ್ನುವುದೊಂದು, ಬಿಡಲಾರೆನೆನ್ನುವುದೊಂದು. ನಾವು ಮೊದಲನೆಯದರ ವಕೀಲರಾಗಿ ವಾದಿಸಿದೊಡನೆಯೇ ಆತ ಎರಡನೆಯದರ ವಕೀಲನಾಗುತ್ತಾನೆ. ನಾವು ಗಟ್ಟಿಯಾಗಿ ವಾದಿಸಿದಷ್ಟೂ ಆತ ತನ್ನ ಕುಡಿತವನ್ನು ಗಟ್ಟಿಯಾಗಿ ಸಮರ್ಥಿಸುತ್ತಾನೆ. ಸಮರ್ಥಿಸುತ್ತ ಸಮರ್ಥಿಸುತ್ತ ತನ್ನ ಮಾತನ್ನು ತಾನೇ ನಂಬುತ್ತಾನೆ. ಮಿಲ್ಲರ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಲಹೆಗಾರರು ಎಷ್ಟು ಖಂಡಿಸಿ ಮಾತನಾಡಿದರೋ ಒಂದು ವರ್ಷದ ಬಳಿಕ ಆ ವ್ಯಕ್ತಿಗಳು ಅಷ್ಟು ಹೆಚ್ಚು ಕುಡಿಯುತ್ತಿದ್ದುದು ಕಂಡುಬಂದಿತು. ಗದರಿಕೆ ನಿಷ್ಫಲವಾಗುವುದಷ್ಟೇ ಅಲ್ಲ, ತಿರುಗುಬಾಣವೂ ಆಗಬಹುದು.

ಎರಡನೆಯ ಬಗೆಯ ಮಾತು ಹೇಗಿರುತ್ತದೆ? ದಿನಸಿ ಅಂಗಡಿಯ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳಿ. 'ನಿಮ್ಮಂಥವರಿಗೆ ಇದು ಶೋಭೆಯೆ?' ಎಂದು ಕೇಳಿದವರಿಗೆಲ್ಲ ಅವರು, 'ನಾನೇನು ಬೀದಿಯಲ್ಲಿ ಬಿದ್ದಿರುತ್ತೇನೆಯೆ? ನನ್ನ ದುಡ್ಡು, ನಾನು ಕುಡಿಯುತ್ತೇನೆ' ಎಂದು ಉತ್ತರ ಕೊಟ್ಟು ಕಳುಹಿಸಿದ್ದಾರೆ. ಆಪ್ತಸಮಾಲೋಚಕರು ಹಾಗೆ ಕೇಳುವುದಿಲ್ಲ.

'ಸಂಜೆಯ ಆ ಹೊತ್ತು ನಿಮಗೆ ಏನು ಕೊಡುತ್ತದೆ?' ಎನ್ನುತ್ತಾರೆ.

'ದಿನವೆಲ್ಲ ನಿಂತು ದಣಿದಿರುತ್ತೇನೆ. ಸಾಲಗಾರರ ಕಾಟ ಮರೆತುಹೋಗುತ್ತದೆ.'

'ಮರೆತದ್ದು ಬೆಳಿಗ್ಗೆ ಏನಾಗುತ್ತದೆ?'

'ಇದ್ದಲ್ಲೇ ಇರುತ್ತದೆ. ಮೇಲೆ ತಲೆನೋವು ಬೇರೆ. ಮಗಳು ನನ್ನನ್ನು ಮಾತನಾಡಿಸುವುದನ್ನೇ ಬಿಟ್ಟಿದ್ದಾಳೆ.'

'ಮಗಳ ಮಾತು ನಿಮಗೆ ಬೇಕು.'

'ಬೇಡವೆ? ಅವಳಿಗಲ್ಲದೆ ಇನ್ನಾರಿಗಾಗಿ ದುಡಿಯುತ್ತಿದ್ದೇನೆ?'

ಇಲ್ಲಿ ನಡೆದದ್ದನ್ನು ಗಮನಿಸಿ. ಕುಡಿತ ಬಿಡಲು ಕಾರಣವನ್ನು ಹೇಳಿದವರು ಸಮಾಲೋಚಕರಲ್ಲ, ಯಜಮಾನರೇ. ಪರರು ಹೇಳಿದ ಕಾರಣ ಕಿವಿಯಲ್ಲಿ ನಿಲ್ಲುತ್ತದೆ. ತಾನೇ ಹೇಳಿದ ಕಾರಣ ಎದೆಗೆ ಇಳಿಯುತ್ತದೆ. ತರಗತಿಯಲ್ಲಿ ಉತ್ತರವನ್ನು ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆದರೆ ಹುಡುಗ ನಕಲು ಮಾಡುತ್ತಾನೆ. ಪಕ್ಕದಲ್ಲಿ ಕುಳಿತು ಅವನಿಂದಲೇ ಲೆಕ್ಕ ಮಾಡಿಸಿದರೆ ಕಲಿಯುತ್ತಾನೆ. ಇದೂ ಅದೇ ನ್ಯಾಯ.

ಕಾರಣ ಸಿಕ್ಕಿದ ಮೇಲೆ ಉಪಾಯ ಬೇಕು. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ದಾರಿಯಲ್ಲಿ ಆಸೆ ಏಳುತ್ತದೆ ಎಂಬುದನ್ನು ಇಬ್ಬರೂ ಕೂಡಿ ಪಟ್ಟಿ ಮಾಡುತ್ತಾರೆ. ಅಂಗಡಿಯ ಬಾಗಿಲು ಹಾಕುವ ಮುನ್ನ ಏನಾದರೂ ತಿನ್ನುವುದು, ಏಕೆಂದರೆ ಹಸಿವು ಆಸೆಯನ್ನು ಕೆರಳಿಸುತ್ತದೆ. ಬೇರೆ ಬೀದಿಯಿಂದ ಮನೆಗೆ ಹೋಗುವುದು. ಸ್ನೇಹಿತರು ಕರೆದಾಗ ಹೇಳಬೇಕಾದ ಮಾತನ್ನು ಮೊದಲೇ ಬಾಯಲ್ಲಿ ರೂಢಿ ಮಾಡಿಕೊಳ್ಳುವುದು. ಆಸೆಯೆಂಬುದು ಅಲೆಯಂತೆ ಏರುತ್ತದೆ, ಸ್ವಲ್ಪ ಹೊತ್ತು ನಿಂತು ತಾನಾಗಿಯೇ ಇಳಿಯುತ್ತದೆ. ಆ ಸ್ವಲ್ಪ ಹೊತ್ತನ್ನು ಕಳೆಯುವುದು ಹೇಗೆಂಬುದೇ ಅಭ್ಯಾಸ. ವಾರದ ಬಳಿಕ ಮತ್ತೆ ಭೇಟಿಯಾದಾಗ, ಏನು ಫಲಿಸಿತು, ಏನು ಫಲಿಸಲಿಲ್ಲ ಎಂದು ನೋಡಿ ಉಪಾಯವನ್ನು ತಿದ್ದಿಕೊಳ್ಳುತ್ತಾರೆ.

ಇದು ಪುಸ್ತಕದ ಮಾತಲ್ಲ. ನಮ್ಮ ನೆರೆಯ ಗೋವಾದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಂಗಾತ್ ಎಂಬ ಸಂಸ್ಥೆಯವರು ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಮಂದಿ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯ ಕೇಂದ್ರದ ಎಂದಿನ ಆರೈಕೆ. ಇನ್ನೊಂದಕ್ಕೆ ಆ ಆರೈಕೆಯ ಜೊತೆಗೆ ಆಪ್ತಸಮಾಲೋಚನೆ. ಸಮಾಲೋಚಕರು ಡಾಕ್ಟರರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಆ ಸೀಮೆಯ ಸಾಮಾನ್ಯ ಜನರು, ಈ ಕೆಲಸಕ್ಕೆಂದೇ ತರಬೇತಿ ಪಡೆದವರು. ಒಬ್ಬೊಬ್ಬನೊಂದಿಗೆ ಅವರು ಕುಳಿತದ್ದು ಹೆಚ್ಚೆಂದರೆ ನಾಲ್ಕು ಬಾರಿ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಮೂರು ತಿಂಗಳ ಬಳಿಕ ವಿಚಾರಿಸಿದಾಗ, ಎಂದಿನ ಆರೈಕೆ ಪಡೆದವರಲ್ಲಿ ಕುಡಿಯದೆ ಇದ್ದವರು ನೂರಕ್ಕೆ 18; ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 42. ಒಂದು ವರ್ಷದ ಬಳಿಕವೂ ಎರಡು ಗುಂಪುಗಳ ಅಂತರ ಉಳಿದಿತ್ತು.

ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ನೂರರಲ್ಲಿ 42 ಎಂದರೆ ಉಳಿದ 58 ಮಂದಿ ಕುಡಿಯುತ್ತಲೇ ಇದ್ದರು; ಹಾಗೆ ಕುಡಿಯುತ್ತಲೇ ಇದ್ದವರ ದಿನದ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದು ಮಂತ್ರವಲ್ಲ. ಆದರೆ ನಾಲ್ಕು ಬಾರಿ ಕುಳಿತು ಆಡಿದ ಮಾತಿಗೆ ಇಷ್ಟು ಫಲ ಸಿಕ್ಕುವುದಾದರೆ, ಅದನ್ನು ಕಡೆಗಣಿಸುವುದು ಬುದ್ಧಿವಂತಿಕೆಯೂ ಅಲ್ಲ.

ಜೊತೆಗಾರನ ಬಲವನ್ನು ಲೋಕಕ್ಕೆ ತೋರಿಸಿದ ಹಳೆಯ ಪ್ರಸಂಗವೊಂದುಂಟು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ವ್ಯವಹಾರಸ್ಥ, ಅಮೆರಿಕದ ಓಹಿಯೋ ಪ್ರಾಂತ್ಯದ ಆಕ್ರನ್ ಪಟ್ಟಣಕ್ಕೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟುಹೋಗಿತ್ತು. ಹೋಟೆಲಿನ ಪಾನಶಾಲೆ ಕೈಬೀಸಿ ಕರೆಯುತ್ತಿತ್ತು. ಆತ ಒಳಗೆ ಹೋಗದೆ, ತನ್ನಂತೆ ಕುಡಿತದಿಂದ ನರಳುವವರು ಆ ಊರಿನಲ್ಲಿ ಯಾರಾದರೂ ಇದ್ದಾರೆಯೆ ಎಂದು ಟೆಲಿಫೋನಿನಲ್ಲಿ ವಿಚಾರಿಸಿದ. ಸಿಕ್ಕಿದವರು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕಾಲು ಗಂಟೆಗಿಂತ ಹೆಚ್ಚು ಕೂರುವುದಿಲ್ಲವೆಂದು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ವಿಲ್ಸನ್ ಅವರಿಗೆ ಬುದ್ಧಿ ಹೇಳಲಿಲ್ಲ. ತನ್ನ ಕಥೆಯನ್ನು ಹೇಳಿಕೊಂಡ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿದ್ದು ಹೀಗೆ. ಅದರ ಸಭೆಗಳು ಈಗ ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ಹೆಸರು ಬಯಲಾಗುವುದಿಲ್ಲ, ಶುಲ್ಕವಿಲ್ಲ. ಅಲ್ಲಿ ಹೊಸಬನಿಗೆ ಮೊದಲೇ ಕುಡಿತ ಬಿಟ್ಟ ಹಳಬನೊಬ್ಬ ಬೆಂಬಲಕ್ಕೆ ನಿಲ್ಲುತ್ತಾನೆ. ಆಸೆ ಎದ್ದಾಗ ಹೊಸಬ ಅವನಿಗೆ ಫೋನು ಮಾಡಬಹುದು. ಹೊಸಬನಿಗೆ ಇದರಿಂದ ಧೈರ್ಯ. ಹಳಬನಿಗೆ ತನ್ನ ವ್ರತದ ನೆನಪು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದಯವಿಟ್ಟು ಇದನ್ನು ಎರಡು ಸಲ ಓದಿ. ಗೋವಾದ ಪರೀಕ್ಷೆಯಲ್ಲಿ ತೀವ್ರ ಅವಲಂಬನೆಯ ಲಕ್ಷಣವಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾದವರು, ಕುಡಿಯದಿದ್ದರೆ ಕೈ ನಡುಗುವವರು, ವರ್ಷಗಟ್ಟಲೆ ದಿನವೂ ಬಹಳ ಕುಡಿದವರು, ಆವೇಶದಲ್ಲಿ ಒಂದೇ ದಿನ ನಿಲ್ಲಿಸಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಭ್ರಮಿಸಿ, ಇಲ್ಲದ್ದು ಕಣ್ಣಿಗೆ ಕಾಣಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೂ ಸಂಚಕಾರ ಬರಬಹುದು. ಇಂಥವರಿಗೆ ಮೊದಲು ಡಾಕ್ಟರು, ಆಮೇಲೆ ಸಮಾಲೋಚಕರು. ಆಸ್ಪತ್ರೆಯಲ್ಲಿ ನಡುಕವನ್ನು ತಗ್ಗಿಸುವ ಔಷಧಿಯನ್ನೂ ಬಿ-1 ಜೀವಸತ್ವವನ್ನೂ ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಇನ್ನೊಂದು ಮಾತು ಗೃಹಿಣಿಯರಿಗೆ. ಯಾರೋ ಹೇಳಿದರೆಂದು, ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಕಾಫಿಯಲ್ಲೋ ಸಾರಿನಲ್ಲೋ ಬೆರೆಸುವವರುಂಟು. ಡೈಸಲ್ಫಿರಾಮ್ ಎಂಬ ಆ ಔಷಧಿ ಒಳಗಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಅದನ್ನು ಡಾಕ್ಟರ ಮೇಲ್ವಿಚಾರಣೆಯಲ್ಲಿ, ಸೇವಿಸುವವರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ಮಾತ್ರ ಕೊಡತಕ್ಕದ್ದು.

ಹಾಗಾದರೆ ಮನೆಯವರು ಮಾಡಬಹುದಾದದ್ದೇನು? ಕುಡಿದು ಬಂದ ರಾತ್ರಿ ವಾದ ಬೇಡ. ಆಗ ಕೇಳುವುದು ಮದ್ಯ, ಮನುಷ್ಯನಲ್ಲ. ಬೆಳಿಗ್ಗೆ ಮನಸ್ಸು ತಿಳಿಯಾಗಿರುವಾಗ ಎರಡೇ ಮಾತು ಸಾಕು: 'ನನಗೆ ಹೆದರಿಕೆಯಾಗುತ್ತಿದೆ. ಡಾಕ್ಟರ ಬಳಿ ನಾನೂ ಜೊತೆಗೆ ಬರುತ್ತೇನೆ.' ಆತ ಕುಡಿಯದೆ ಬಂದ ದಿನವನ್ನು ಗುರುತಿಸಿ ಒಂದು ಒಳ್ಳೆಯ ಮಾತು ಆಡಿ. ಆತನ ಪರವಾಗಿ ಕಚೇರಿಗೆ ಸುಳ್ಳು ರಜೆಚೀಟಿ ಬರೆಯಬೇಡಿ, ಆತನ ಕುಡಿತದ ಸಾಲವನ್ನು ಗುಟ್ಟಾಗಿ ತೀರಿಸಬೇಡಿ. ಆದರೆ ಹೊಡೆತ ಬಡಿತ ನಡೆಯುವ ಮನೆಯಲ್ಲಿ ತಾಳ್ಮೆಯ ಪಾಠ ಹೇಳುವುದು ಅನ್ಯಾಯ. ಅಲ್ಲಿ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು, ಉಳಿದದ್ದೆಲ್ಲ ಅನಂತರ.

ಸಹಾಯ ದೂರವಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಕುಡಿಯುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಬಿಟ್ಟವನು ಒಂದು ದಿನ ಮತ್ತೆ ಕುಡಿದನೆಂದರೆ, 'ನೋಡಿದೆಯಾ, ನಾನು ಆಗಲೇ ಹೇಳಿದ್ದೆ' ಎನ್ನುವ ಚಪಲ ನಮಗೆಲ್ಲ ಇದೆ. ಆ ಮಾತನ್ನು ನುಂಗಿಕೊಳ್ಳಿ. 'ಹೇಗೂ ಕೆಟ್ಟೆ, ಇನ್ನೇಕೆ ಬಿಡಲಿ' ಎಂಬ ಹತಾಶೆಯೇ ಒಂದು ದಿನದ ಎಡವನ್ನು ಒಂದು ವರ್ಷದ ಬೀಳನ್ನಾಗಿ ಮಾಡುತ್ತದೆ. ಒಳ್ಳೆಯ ಜೊತೆಗಾರ ಆಗ ಕೇಳುವ ಪ್ರಶ್ನೆ, ಮೂವತ್ತು ದಿನ ಕುಡಿಯದೆ ಇದ್ದದ್ದು ಹೇಗೆ ಸಾಧ್ಯವಾಯಿತು ಎಂಬುದು. ಉತ್ತರ ಆತನಲ್ಲೇ ಇರುತ್ತದೆ.

ಉಪದೇಶವೆಂಬ ಮಾತಿನ ಮೊದಲಲ್ಲಿರುವ 'ಉಪ' ಎಂಬುದಕ್ಕೆ ಹತ್ತಿರ ಎಂದರ್ಥ. ಉಳಿದದ್ದಕ್ಕೆ ತೋರಿಸುವುದು ಎಂದರ್ಥ. ತೋರಿಸುವುದನ್ನು ನಾವು ಮರೆತಿಲ್ಲ. ನಮ್ಮ ಬೆರಳು ಸದಾ ಚಾಚಿಯೇ ಇರುತ್ತದೆ. ಹತ್ತಿರ ಹೋಗುವುದಷ್ಟೇ ಬಾಕಿ.