ಹೊಗೆಯೊಳಗಿನ ಸರಕು

ಸೌದೆ ಸುಟ್ಟು ಇದ್ದಿಲು ಮಾಡುವಾಗ ಏಳುವ ಹೊಗೆಯಲ್ಲಿ ಮೀಥೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲ, ಒಂದಿಷ್ಟು ಅಸಿಟೋನ್, ಟಾರು ಎಲ್ಲವೂ ಇರುತ್ತವೆ. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಅವೆಲ್ಲ ಗಾಳಿಪಾಲು. ಶರಾವತಿ ಹಿನ್ನೀರಿನ ತುಮರಿ ಕಡೆ ಇವನ್ನು ಹಿಡಿಯುವ ಕಾರ್ಖಾನೆ ಇಲ್ಲ. ಆದರೆ ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಇವನ್ನು ಹಿಡಿಯುವ ಲೆಕ್ಕಾಚಾರ 1923ರಲ್ಲೇ ನಡೆದಿತ್ತು. ಆ ಜನವರಿಯಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ ಅದಿರು ಕರಗಿಸಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಜೊತೆಗೇ ಸೌದೆಯನ್ನು ಭಟ್ಟಿ ಇಳಿಸುವ ಘಟಕವೂ ಇತ್ತು.

ಈ ವಿಧಾನದಲ್ಲಿ ಒಣಗಿದ ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಗೆ ತುಂಬಿ ಹೊರಗಿನಿಂದ ಕಾಯಿಸುತ್ತಾರೆ. 280 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸೌದೆ ತಾನೇ ಶಾಖ ಬಿಡತೊಡಗುತ್ತದೆ. ಆವಿ ತಣ್ಣನೆಯ ಕೊಳವೆಗಳಲ್ಲಿ ಹಾದು ಕಂದು ದ್ರವವಾಗುತ್ತದೆ. ತಣಿಸಿದರೂ ದ್ರವವಾಗದ ಗ್ಯಾಸು ಮತ್ತೆ ಒಲೆಗೇ ಉರುವಲು. ದ್ರವವನ್ನು ನಿಲ್ಲಲು ಬಿಟ್ಟರೆ ಟಾರು ತಳಕ್ಕಿಳಿಯುತ್ತದೆ. ಉಳಿದದ್ದಕ್ಕೆ ಸುಣ್ಣ ಹಾಕುತ್ತಾರೆ. ಇಡೀ ವಿಧಾನದಲ್ಲಿ ಜಾಣತನದ ಹೆಜ್ಜೆ ಇದೇ ಎಂದು ನನ್ನೆಣಿಕೆ: ಆಮ್ಲ ಕ್ಯಾಲ್ಸಿಯಂ ಅಸಿಟೇಟ್ ಆಗಿ ಸಿಕ್ಕಿಕೊಳ್ಳುತ್ತದೆ, ಹಾರಲಾರದು. ಈಗ ಕಾಯಿಸಿದರೆ 65 ಡಿಗ್ರಿಗೆ ಕುದಿಯುವ ಮೀಥೈಲ್ ಆಲ್ಕೋಹಾಲ್ ಮೊದಲು ಏಳುತ್ತದೆ. ಅಸಿಟೇಟನ್ನು ಒಣಗಿಸಿ ಜೋರಾಗಿ ಕಾಯಿಸಿದರೆ ಅಸಿಟೋನ್.

ಗ್ರಹಚಾರ ನೋಡಿ, ಭದ್ರಾವತಿಯ ಕಾರ್ಖಾನೆ ಶುರುವಾದ ವರ್ಷದ ಸೆಪ್ಟೆಂಬರಿನಲ್ಲೇ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಗ್ಯಾಸುಗಳನ್ನು ಕೂಡಿಸಿ ಮೀಥೈಲ್ ಆಲ್ಕೋಹಾಲ್ ತಯಾರಿಸತೊಡಗಿತು. ಸೌದೆಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲಷ್ಟೇ ಸಿಗುವ ಕಾಡಿನ ಸರಕು ಅದರೆದುರು ನಿಲ್ಲುವುದು ಕಷ್ಟವೇ.

ಆವಿಯಿಂದ ಸರಕು ಹಿಡಿಯುವ ಕೆಲಸ ಇಂದಿಗೂ ಇದೆ. ಆದರೆ ಇಂದಿನ ಔಷಧ, ಬಣ್ಣ, ಮುದ್ರಣ ಕಾರ್ಖಾನೆಗಳಲ್ಲಿ ಗಾಳಿಗೆ ಬೆರೆತ ದ್ರಾವಕ (ಆಲ್ಕೋಹಾಲ್, ಅಸಿಟೋನ್‌ನಂಥದ್ದು) ತೀರ ತೆಳು. ಬರೇ ತಣಿಸಿ ಹಿಡಿಯಹೋದರೆ ಖರ್ಚು ಏರುತ್ತದೆ. ಅಲ್ಲಿ ಇದ್ದಿಲೇ ಬಲೆ. ತೆಂಗಿನ ಕರಟದ ಇದ್ದಿಲನ್ನು ಕಾದ ಹಬೆಯಲ್ಲಿ ಹದಗೊಳಿಸಿದರೆ ಸಕ್ರಿಯ ಇಂಗಾಲ. ಅದರ ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರ್. ಈ ಇಂಗಾಲದ ತೊಟ್ಟಿಯಲ್ಲಿ ಗಾಳಿ ಹಾದುಹೋಗುತ್ತದೆ, ದ್ರಾವಕ ಅಂಟಿಕೊಳ್ಳುತ್ತದೆ. ತೊಟ್ಟಿ ತುಂಬಿದಾಗ ಹಬೆ ಹಾಯಿಸಿ ಬಿಡಿಸುತ್ತಾರೆ. ಅಷ್ಟು ಹೊತ್ತು ಪಕ್ಕದ ತೊಟ್ಟಿಗೆ ಕೆಲಸ. ಟೊಲ್ಯೂನ್ ತಣಿದ ನೀರಿನ ಮೇಲೆ ತೇಲುತ್ತದೆ, ಬಸಿದುಕೊಂಡರಾಯಿತು. ಆಲ್ಕೋಹಾಲ್ ನೀರಿಗೆ ಬೆರೆಯುವುದರಿಂದ ಮತ್ತೆ ಭಟ್ಟಿ ಇಳಿಸಬೇಕು.

ಕೀಟೋನ್ ಜಾತಿಯ ದ್ರಾವಕವಿದ್ದರೆ ತೊಟ್ಟಿಯ ಬಿಸಿಯ ಮೇಲೆ ಕಣ್ಣಿರಲಿ, ಇದ್ದಿಲಿಗೇ ಬೆಂಕಿ ಹತ್ತಬಹುದು. ಮಲೆನಾಡಿನ ಮಳೆಗಾಲದಂಥ ಹವೆಯಲ್ಲಿ ಇನ್ನೊಂದು ತೊಡಕು: ಇದ್ದಿಲಿನ ರಂಧ್ರಗಳಲ್ಲಿ ನೀರೇ ಜಾಗ ಹಿಡಿಯುತ್ತದೆ. ಒಳಬರುವ ಗಾಳಿಯನ್ನು ಕೊಂಚ ಬೆಚ್ಚಗೆ ಮಾಡಿ ಬಿಟ್ಟರೆ ಈ ಕಾಟ ತಗ್ಗುತ್ತದೆ. ಬಿಸಿ ಹೆಚ್ಚಾದರೆ ದ್ರಾವಕವೂ ನಿಲ್ಲದು.