ಹಳಿ ಹಾಸುವ ಮುನ್ನ: ಕೋಣೆಯೊಳಗಿನ ರೈಲುಮಾರ್ಗದ ಲೆಕ್ಕಾಚಾರ

‘ಲೇಔಟ್’ ಎಂದೊಡನೆ ಬೆಂಗಳೂರಿಗರ ಕಣ್ಣಮುಂದೆ ಬರುವುದು ನಿವೇಶನಗಳು, ಅಡ್ಡರಸ್ತೆಗಳು, ಮಂಜೂರಾತಿಯ ನಕ್ಷೆ. ಆದರೆ ಜಗತ್ತಿನ ಹಲವು ದೇಶಗಳಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವಿದೆ. ಮನೆಯ ಕೋಣೆಯೊಂದರಲ್ಲಿ ಹಲಗೆಯ ಮೇಲೆ ಹಳಿ ಹಾಸಿ, ನಿಲ್ದಾಣ, ಸುರಂಗ, ಸೇತುವೆಗಳನ್ನು ಕಟ್ಟಿ, ಅಂಗೈಗಾತ್ರದ ಎಂಜಿನ್‌ಗಳನ್ನು ವೇಳಾಪಟ್ಟಿಯಂತೆ ಓಡಿಸುವ ಪುಟ್ಟ ರೈಲುಮಾರ್ಗವನ್ನೂ ಲೇಔಟ್ ಎಂದೇ ಕರೆಯುತ್ತಾರೆ. ಎರಡರ ನಡುವೆ ಒಂದು ಸಾಮ್ಯವೂ ಉಂಟು. ನಕ್ಷೆಯಲ್ಲಿ ಮಾಡಿದ ತಪ್ಪು ಕಟ್ಟಿ ಮುಗಿಸಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಆಗ ತಿದ್ದುವುದು ಬಲು ಕಷ್ಟ.

ಈ ಹವ್ಯಾಸದಲ್ಲಿ ಹಣಕ್ಕಿಂತ ಹೆಚ್ಚಾಗಿ ವ್ಯಯವಾಗುವುದು ಕಾಲ. ಒಂದು ಸಾಧಾರಣ ಲೇಔಟ್ ಮುಗಿಯಲು ಹಲವು ವರ್ಷಗಳು ಬೇಕಾಗುತ್ತವೆ. ಆದ್ದರಿಂದಲೇ ಅನುಭವಿಗಳು ಗರಗಸ ಹಿಡಿಯುವುದಕ್ಕೆ ಮುನ್ನ ಪೆನ್ಸಿಲ್ ಹಿಡಿಯುತ್ತಾರೆ.

ಆಟಿಕೆಯಿಂದ ಅನುಪಾತಕ್ಕೆ

ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರ ಲೈಪ್‌ಜಿಗ್ ಮೇಳದಲ್ಲಿ ಕೀಲಿಕೊಟ್ಟು ಓಡಿಸುವ ರೈಲನ್ನೂ ನಿರ್ದಿಷ್ಟ ಅಳತೆಯ ಹಳಿಗಳನ್ನೂ ಪ್ರದರ್ಶನಕ್ಕಿಟ್ಟಿತು. ಒಮ್ಮೆ ಕೊಂಡ ರೈಲಿಗೆ ಮುಂದಿನ ವರ್ಷ ಇನ್ನಷ್ಟು ಹಳಿ, ಇನ್ನೊಂದು ಬೋಗಿ ಸೇರಿಸಬಹುದೆಂಬ ಕಲ್ಪನೆ ಅಲ್ಲಿಂದ ಬೇರೂರಿತು. ಕ್ರಮೇಣ ಆಟಿಕೆಯ ಜಾಗದಲ್ಲಿ ನೈಜ ರೈಲಿನ ನಿಖರ ಪ್ರತಿಕೃತಿ ಬಂದು ಕುಳಿತಿತು.

ಪ್ರತಿಕೃತಿ ಎಂದ ಮೇಲೆ ಅನುಪಾತದ ಪ್ರಶ್ನೆ ಏಳುತ್ತದೆ. ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಎಂಬ 1:87ರ ಅನುಪಾತ. ಅಂದರೆ ನಿಜವಾದ ರೈಲಿನ 87 ಅಡಿ ಇಲ್ಲಿ ಒಂದು ಅಡಿ. ಹಳೆಯ ‘ಓ’ ಅಳತೆಯ ಅರ್ಧ ಎಂಬ ಅರ್ಥದಲ್ಲಿ ಈ ಹೆಸರು ಬಂದಿದೆ. ಜಾಗ ಕಡಿಮೆಯಿದ್ದವರಿಗೆ 1:160ರ ‘ಎನ್’ ಇದೆ. 1972ರಲ್ಲಿ ಮಾರ್ಕ್ಲಿನ್ ತಂದ 1:220ರ ‘ಝಡ್’ ಇನ್ನೂ ಚಿಕ್ಕದು. ಯೂರೋಪ್, ಅಮೆರಿಕಗಳ ರೈಲುಹಳಿಯ ಅಂತರ 1,435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 16.5 ಮಿಲಿಮೀಟರ್ ಬರುತ್ತದೆ. ಅಂಗಡಿಯಲ್ಲಿ ದೊರೆಯುವ ಎಚ್‌ಒ ಹಳಿಯ ಅಂತರ ಅದೇ.

ಬ್ರಿಟನ್ನಿನಲ್ಲಿ ಮಾತ್ರ ಕಥೆ ಬೇರೆಯಾಯಿತು. ಅಲ್ಲಿನ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. 1:87ಕ್ಕೆ ಇಳಿಸಿದರೆ ಅಂದಿನ ವಿದ್ಯುತ್ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಎಂಜಿನ್ನನ್ನು 1:76ಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5 ಮಿಲಿಮೀಟರಿನಲ್ಲೇ ಉಳಿಸಿಕೊಂಡರು. ಹೀಗೆ ಹುಟ್ಟಿದ ‘ಡಬಲ್ ಓ’ ಅನುಪಾತದಲ್ಲಿ ಹಳಿಗಳು ಇರಬೇಕಾದುದಕ್ಕಿಂತ ಕಿರಿದು. ಈ ದೋಷ ಎಲ್ಲರಿಗೂ ಗೊತ್ತು. ಆದರೆ ಅಂಗಡಿಯಲ್ಲಿ ಸಿಗುವುದೆಲ್ಲ ಅದೇ ಅಳತೆಯದಾದ್ದರಿಂದ ಬಹುಮಂದಿ ಅದನ್ನು ಒಪ್ಪಿಕೊಂಡೇ ಮುಂದುವರಿದಿದ್ದಾರೆ.

ಭಾರತದ ರೈಲನ್ನು ಮಾದರಿಯಾಗಿ ಕಟ್ಟಬಯಸುವವರಿಗೂ ಇದೇ ಇಕ್ಕಟ್ಟು ಎದುರಾಗುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ತುಸು ಹೆಚ್ಚು ಬರುತ್ತದೆ. ಸಿದ್ಧ ಎಚ್‌ಒ ಹಳಿಯ ಮೇಲೆ ಭಾರತೀಯ ಬೋಗಿಯನ್ನು ನಿಲ್ಲಿಸಿದರೆ ಅದು ಕಿರಿದಾದ ಕಾಲುಗಳ ಮೇಲೆ ನಿಂತಂತೆ ಕಾಣುತ್ತದೆ. ಹಳಿಯನ್ನು ಕೈಯಿಂದಲೇ ತಯಾರಿಸಬೇಕು, ಇಲ್ಲವೇ ಈ ಕೊರತೆಯೊಂದಿಗೆ ರಾಜಿಯಾಗಬೇಕು. ವಿಚಿತ್ರವೆಂದರೆ ಕಣ್ಮರೆಯಾದ ಮೀಟರ್‌ಗೇಜ್ ಈ ವಿಷಯದಲ್ಲಿ ಸುಲಭ. ಸಾವಿರ ಮಿಲಿಮೀಟರನ್ನು 87ರಿಂದ ಭಾಗಿಸಿದರೆ 11.5, ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ಮಾದರಿಗಳಿಗಾಗಿ ತಯಾರಾಗುವ 12 ಮಿಲಿಮೀಟರಿನ ಹಳಿ ಅದಕ್ಕೆ ಬಹುತೇಕ ಹೊಂದುತ್ತದೆ. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯಡಿ ಕರ್ನಾಟಕದ ಮೀಟರ್‌ಗೇಜ್ ಮಾರ್ಗಗಳು ಬ್ರಾಡ್‌ಗೇಜ್ ಆದವು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ರೈಲುಬಸ್ಸನ್ನು ಮತ್ತೆ ಓಡಿಸುವ ಆಸೆಯಿದ್ದರೆ ಇನ್ನು ಮೇಜಿನ ಮೇಲಷ್ಟೇ ಸಾಧ್ಯ.

ಕೋಣೆಗಿಂತ ಉದ್ದದ ರೈಲು

ಅನುಪಾತ ನಿಶ್ಚಯವಾದ ಮೇಲೆ ಜಾಗದ ಲೆಕ್ಕ. ಅಲ್ಲಿ ಹೊಸಬರ ಉತ್ಸಾಹಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಇಂದಿನ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 23.5 ಮೀಟರ್, ಎಚ್‌ಒದಲ್ಲಿ ಅದು 27 ಸೆಂಟಿಮೀಟರ್. 24 ಬೋಗಿಗಳ ಎಕ್ಸ್‌ಪ್ರೆಸ್ ರೈಲನ್ನು ಯಥಾವತ್ತಾಗಿ ಮಾಡಿದರೆ ಅದರ ಉದ್ದ ಆರೂವರೆ ಮೀಟರ್ ದಾಟುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಯ ಉದ್ದ ಮೂರೂಮುಕ್ಕಾಲು ಮೀಟರೂ ಇಲ್ಲ.

ಮಾರ್ಗದ ಲೆಕ್ಕ ಇನ್ನೂ ಕಠಿಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಘಟ್ಟದ ಮಾರ್ಗ ಸುಮಾರು 55 ಕಿಲೋಮೀಟರ್. ಅದರಲ್ಲಿ 57 ಸುರಂಗಗಳು. ಅದನ್ನು 1:87ಕ್ಕೆ ಇಳಿಸಿದರೂ 630 ಮೀಟರ್ ಉದ್ದದ ಕಟ್ಟಡ ಬೇಕು. ಹೀಗಾಗಿ ಯಾವ ಹವ್ಯಾಸಿಯೂ ಇಡೀ ಮಾರ್ಗವನ್ನು ಕಟ್ಟುವುದಿಲ್ಲ. ಎರಡು ಸುರಂಗ, ಒಂದು ಕಮಾನು ಸೇತುವೆ, ಮಳೆಯಲ್ಲಿ ನೆನೆದ ಒಂದು ಚಿಕ್ಕ ನಿಲ್ದಾಣ ಇಷ್ಟನ್ನೇ ಆರಿಸಿ, ಉಳಿದುದನ್ನು ನೋಡುವವನ ಕಲ್ಪನೆಗೆ ಬಿಡುತ್ತಾನೆ. ರೈಲಿಗೂ ಇದೇ ನಿಯಮ. ಎಂಜಿನ್ ಹಾಗೂ ಆರು ಬೋಗಿಗಳಾದರೆ ಎರಡು ಮೀಟರಿನೊಳಗೆ ಮುಗಿಯುತ್ತದೆ; ಕಣ್ಣಿಗೆ ಅದು ಪೂರ್ಣ ರೈಲಿನಂತೆಯೇ ತೋರುತ್ತದೆ. ಯಾವುದನ್ನು ಬಿಡಬೇಕೆಂಬ ವಿವೇಕವೇ ಈ ಕಲೆಯ ಮೊದಲ ಪಾಠ.

ತಿರುವು, ಏರು, ತೋಳಿನ ಅಳತೆ

ಬ್ರಾಡ್‌ಗೇಜ್ ಮಾರ್ಗದಲ್ಲಿ ಅನುಮತಿಸಲಾದ ಅತಿ ತೀಕ್ಷ್ಣ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಒದಲ್ಲಿ ಅದು ಎರಡು ಮೀಟರ್. ಒಂದು ಅರ್ಧವೃತ್ತಕ್ಕೇ ನಾಲ್ಕು ಮೀಟರ್ ಅಗಲ ಬೇಕಾಗುತ್ತದೆ. ಮನೆಗಳಲ್ಲಿ ಅದು ಅಸಾಧ್ಯ. ಆದ್ದರಿಂದ ಹವ್ಯಾಸಿಗಳು ಒಂದು ಸರಳ ಸೂತ್ರವನ್ನು ಅನುಸರಿಸುತ್ತಾರೆ: ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಬೇಕು. 27 ಸೆಂಟಿಮೀಟರಿನ ಬೋಗಿಗೆ ಅದು ಸುಮಾರು 80 ಸೆಂಟಿಮೀಟರ್. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಳಿಗಳಲ್ಲಿ ಅತಿ ಬಿಗಿಯಾದವುಗಳ ತ್ರಿಜ್ಯ 36 ಸೆಂಟಿಮೀಟರ್ ಮಾತ್ರ. ಅದರ ಮೇಲೆ ಉದ್ದದ ಬೋಗಿಗಳನ್ನು ಓಡಿಸಿದರೆ ನಡುಭಾಗ ಹಳಿಯಿಂದ ಒಳಗೆ ಬಾಗಿ, ತುದಿಗಳು ಹೊರಗೆ ಚಾಚಿ, ಬೋಗಿಗಳು ಒಂದನ್ನೊಂದು ತಳ್ಳಿ ಹಳಿ ತಪ್ಪುತ್ತವೆ.

ಏರಿನ ಲೆಕ್ಕವನ್ನು ಮರೆಯುವವರೇ ಹೆಚ್ಚು. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಬೇಕಾದರೆ ಎರಡರ ನಡುವೆ ಸುಮಾರು ಎಂಟು ಸೆಂಟಿಮೀಟರ್ ಎತ್ತರ ಬೇಕು. ಸಕಲೇಶಪುರದ ಘಟ್ಟದಲ್ಲಿರುವಂತೆ 50ಕ್ಕೆ 1ರ ಏರನ್ನೇ ಇಟ್ಟುಕೊಂಡರೂ ಅಷ್ಟು ಹತ್ತಲು ನಾಲ್ಕು ಮೀಟರ್, ಇಳಿಯಲು ಮತ್ತೆ ನಾಲ್ಕು ಮೀಟರ್ ಹಳಿ ಬೇಕು. ಮೊದಲು ಹೇಳಿದ ಕೋಣೆಯ ಗೋಡೆಗುಂಟ ಒಂದು ಸುತ್ತು ಹಳಿ ಹಾಸಿದರೆ ಅದರ ಉದ್ದ ಸುಮಾರು 11 ಮೀಟರ್ ಮಾತ್ರ. ಅದರಲ್ಲಿ ಎಂಟು ಮೀಟರ್ ಏರಿಳಿತಕ್ಕೇ ಹೋದರೆ ನಿಲ್ದಾಣಕ್ಕೆ ಸಮತಟ್ಟಾದ ಜಾಗ ಉಳಿಯುವುದಿಲ್ಲ.

ಮೂರನೆಯ ಅಳತೆ ರೈಲಿನದಲ್ಲ, ಮನುಷ್ಯನದು. ನಿಂತಲ್ಲಿಂದ ತೋಳು ಚಾಚಿ ನಿರಾಯಾಸವಾಗಿ ಕೆಲಸ ಮಾಡಬಹುದಾದ ದೂರ 60ರಿಂದ 75 ಸೆಂಟಿಮೀಟರ್. ಅದಕ್ಕಿಂತ ಆಚೆ ರೈಲು ಹಳಿ ತಪ್ಪಿದರೆ ಎತ್ತಿಡಲು ಮುಂದಿನ ಮರ, ಮನೆ, ಕಂಬಗಳನ್ನೆಲ್ಲ ಮುರಿಯಬೇಕಾದೀತು. ಕೋಣೆಯ ನಡುವೆ ದೊಡ್ಡ ಮೇಜು ಹಾಕುವುದಕ್ಕಿಂತ ಗೋಡೆಗುಂಟ ಕಿರಿದಾದ ಹಲಗೆ ಜೋಡಿಸಿ, ಓಡಿಸುವವನು ನಡುವೆ ನಿಲ್ಲುವುದು ಮೇಲೆನ್ನುವುದಕ್ಕೆ ಇದೇ ಕಾರಣ.

ರೈಲು ಏಕೆ ಓಡಬೇಕು?

60 ಕಿಲೋಮೀಟರ್ ವೇಗಕ್ಕೆ ಸಮನಾಗಿ ಓಡುವ ಎಚ್‌ಒ ರೈಲು ಸೆಕೆಂಡಿಗೆ 19 ಸೆಂಟಿಮೀಟರ್ ಸಾಗುತ್ತದೆ. 11 ಮೀಟರಿನ ಸುತ್ತು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಹತ್ತನೆಯ ಸುತ್ತಿಗೆ ಮಕ್ಕಳೂ ಎದ್ದುಹೋಗುತ್ತಾರೆ. ಸುತ್ತುವ ರೈಲಿಗೂ ಕೆಲಸ ಮಾಡುವ ರೈಲಿಗೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ಫ್ರಾಂಕ್ ಎಲಿಸನ್ ಪ್ರಮುಖರು. 1940ರ ದಶಕದ ಬರಹಗಳಲ್ಲಿ ಅವರು ಲೇಔಟನ್ನು ರಂಗಭೂಮಿಗೆ ಹೋಲಿಸಿದರು. ಹಳಿಗಳೇ ರಂಗ, ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ ಎಂಬುದು ಅವರ ನಿಲುವು. ಅದೇ ದೇಶದ ಜಾನ್ ಆರ್ಮ್‌ಸ್ಟ್ರಾಂಗ್ 1963ರಲ್ಲಿ ಪ್ರಕಟಿಸಿದ ಹಳಿಯೋಜನೆಯ ಪುಸ್ತಕ ಈ ಚಿಂತನೆಗೆ ಅಳತೆಯ ಶಿಸ್ತು ತಂದಿತು.

ರಂಗಕ್ಕೆ ನೇಪಥ್ಯವೂ ಬೇಕಷ್ಟೆ. ಗುಡ್ಡದ ಹಿಂದೆಯೋ ಕಪಾಟಿನೊಳಗೋ ಅಡಗಿಸಿದ ಹಳಿಗಳ ಗುಂಪು ಆ ಕೆಲಸ ಮಾಡುತ್ತದೆ. ನಿಲ್ದಾಣ ಬಿಟ್ಟ ರೈಲು ಅಲ್ಲಿಗೆ ಹೋಗಿ ನಿಂತರೆ, ನೋಡುವವರ ಪಾಲಿಗೆ ಅದು ಮಂಗಳೂರು ತಲುಪಿದಂತೆಯೇ. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ರೈಲು ಅಲ್ಲಿಂದ ಹೊರಬರುತ್ತದೆ.

ಬಾಡಿಗೆ ಮನೆಯವರಿಗೆ ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಎಂಬ ಪುಟ್ಟ ಶಂಟಿಂಗ್ ಯಾರ್ಡು ಉತ್ತಮ ಆರಂಭ. ಇದಕ್ಕೆ ಎರಡೇ ಪಾಯಿಂಟುಗಳು, ಮೂರು ಸೈಡಿಂಗ್‌ಗಳು ಸಾಕು. ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ತಲಾ ಮೂರು ವ್ಯಾಗನ್ ಹಿಡಿಸುತ್ತವೆ. ಎಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಎಂಜಿನ್ನಿನ ಜತೆ ಮೂರಕ್ಕಷ್ಟೇ ಜಾಗ. ಒಟ್ಟು ಎಂಟು ವ್ಯಾಗನ್‌ಗಳ ಪೈಕಿ ಚೀಟಿ ಎತ್ತಿ ಬಂದ ಐದನ್ನು, ಬಂದ ಕ್ರಮದಲ್ಲೇ ಜೋಡಿಸಿ ನಿಲ್ಲಿಸಬೇಕು. ಹೀಗೆ ಜೋಡಿಸಬಹುದಾದ ಕ್ರಮಗಳು 6,720. ಚಿಕ್ಕ ವ್ಯಾಗನ್‌ಗಳನ್ನು ಬಳಸಿದರೆ ಒಂದೂವರೆ ಮೀಟರಿನ ಹಲಗೆಯಲ್ಲಿ ಇಡೀ ಯಾರ್ಡು ಮುಗಿಯುತ್ತದೆ.

ತಂತಿಯ ಗಣಿತ

ಹಳಿಯೇ ಇಲ್ಲಿ ವಿದ್ಯುತ್ ತಂತಿ. ಒಂದು ಹಳಿ ಧನ, ಇನ್ನೊಂದು ಋಣ. ಹೋದ ರೈಲು ಅದೇ ಹಳಿಗೆ ತಿರುಗಿ ಬರುವಂತೆ ಕುಣಿಕೆಯಾಕಾರದಲ್ಲಿ ಹಾಸಿದರೆ ಎಡದ ಹಳಿ ಬಲದ ಹಳಿಗೆ ತಾಗಿ ಶಾರ್ಟ್ ಸರ್ಕಿಟ್ ಆಗುತ್ತದೆ. ಅಲ್ಲಿ ಎರಡೂ ಹಳಿಗಳನ್ನು ತುಂಡರಿಸಿ ಪ್ರತ್ಯೇಕ ಸಂಪರ್ಕ ಕೊಡಬೇಕು. ಇದನ್ನೂ ನಕ್ಷೆಯ ಹಂತದಲ್ಲೇ ಗುರುತಿಸಬೇಕು.

ಹಿಂದೆ ಒಂದೇ ಹಳಿಯಲ್ಲಿ ಎರಡು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಓಡಿಸಲು ಮಾರ್ಗವನ್ನು ಹಲವು ತುಂಡುಗಳಾಗಿ ವಿಂಗಡಿಸಿ ರಾಶಿ ಸ್ವಿಚ್ಚುಗಳನ್ನು ಇಡಬೇಕಿತ್ತು. 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ಜರ್ಮನಿಯ ಲೆನ್ಜ್ ಸಂಸ್ಥೆಯ ವಿಧಾನವನ್ನು ಆಧರಿಸಿ ಡಿಜಿಟಲ್ ನಿಯಂತ್ರಣದ ಮಾನದಂಡವನ್ನು ರೂಪಿಸಿತು. ಈಗ ಪ್ರತಿ ಎಂಜಿನ್ನಿಗೂ ತನ್ನದೇ ಸಂಖ್ಯೆ. ಹಳಿಯ ಮೂಲಕ ಬರುವ ಆದೇಶಗಳಲ್ಲಿ ತನ್ನದನ್ನು ಮಾತ್ರ ಅದು ಪಾಲಿಸುತ್ತದೆ. ಕಂಪ್ಯೂಟರ್ ಲೋಕಕ್ಕೂ ಈ ಹವ್ಯಾಸಕ್ಕೂ ಹಳೆಯ ನಂಟಿದೆ. ‘ಹ್ಯಾಕ್’ ಎಂಬ ಪದ ತಂತ್ರಜ್ಞರ ನುಡಿಗಟ್ಟಾಗಿ ಬೆಳೆದ ತಾಣಗಳಲ್ಲಿ ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಸ್ಥಾಪನೆಯಾದ ಮಾದರಿ ರೈಲು ಕ್ಲಬ್ಬೂ ಒಂದು.

ಉಳಿದದ್ದು, ಉರಿದದ್ದು

ಸಾರ್ವಜನಿಕರು ನೋಡಬಹುದಾದ ಲೇಔಟ್‌ಗಳಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಆರಂಭವಾದ ಮಿನಿಯಾಟೂರ್ ವುಂಡರ್‌ಲಾಂಡ್ ಜಗತ್ಪ್ರಸಿದ್ಧ. ಹತ್ತಿರದ ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯವಿದೆ. ಆದರೆ ಮನೆಯ ಕೋಣೆಯಲ್ಲಿ ಕಟ್ಟಿದ ರೈಲುಮಾರ್ಗದ ಭವಿಷ್ಯವೇನು? ಇಬ್ಬರ ಕಥೆ ಇದಕ್ಕೆ ಉತ್ತರ ನೀಡುತ್ತದೆ.

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆಲನ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಸುಮಾರು ಎರಡು ದಶಕ ಶ್ರಮಿಸಿ, ನೆಲದಿಂದ ಸೂರಿನವರೆಗೆ ಪರ್ವತಗಳೇಳುವ ಲೇಔಟನ್ನು ಕಟ್ಟಿದ್ದರು. ತಮ್ಮ ಮೊದಲ ಪುಟ್ಟ ಲೇಔಟನ್ನೂ ಅದರೊಳಗೇ ಸೇರಿಸಿಕೊಂಡಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲವೂ ನಾಶವಾಯಿತು. ಇಂದು ಉಳಿದಿರುವುದು ಮುಖ್ಯವಾಗಿ ಅವರೇ ತೆಗೆದ ಛಾಯಾಚಿತ್ರಗಳು.

ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿ 1940ರ ದಶಕದಲ್ಲಿ ಆರಂಭಿಸಿದ ‘ಬಕಿಂಗ್‌ಹ್ಯಾಮ್’ ಲೇಔಟ್ ಅವರೊಡನೆ ಮನೆಯಿಂದ ಮನೆಗೆ ಸಾಗಿತು, ಹಲವು ಬಾರಿ ರೂಪ ಬದಲಿಸಿತು. ಒಂದು ನಿಲ್ದಾಣವನ್ನು ತಾನಾಗಿಯೇ ನಡೆಸುವ ಯಂತ್ರವನ್ನೂ ಡೆನ್ನಿ ತಯಾರಿಸಿ, ಅದಕ್ಕೆ ಮಗನ ಹೆಸರಿಟ್ಟು ‘ಆಟೊಮ್ಯಾಟಿಕ್ ಕ್ರಿಸ್ಪಿನ್’ ಎಂದು ಕರೆದರು. 2009ರಲ್ಲಿ ಡೆನ್ನಿ ನಿಧನರಾದ ಬಳಿಕ ಆ ಲೇಔಟನ್ನು ಬಿಚ್ಚಿ, ಸಾಗಿಸಿ, ಇನ್ನೊಬ್ಬ ಹವ್ಯಾಸಿಯ ಮನೆಯಲ್ಲಿ ಮತ್ತೆ ಜೋಡಿಸಿ ಓಡಿಸಲಾಯಿತು.

ಬೆಂಕಿಯನ್ನು ಯಾವ ನಕ್ಷೆಯೂ ತಡೆಯಲಾರದು. ಆದರೆ ಸಾಗಿಸಲು ಬರುವ ಲೇಔಟಿಗೆ ಎರಡನೆಯ ಮನೆ ಸಿಗುವ ಅವಕಾಶವಿದೆ. ಗೋಡೆಗೆ ಬಿಗಿದದ್ದಕ್ಕೆ ಅದಿಲ್ಲ. ಒಂದೊಂದು ಹಲಗೆಯೂ ಒಂದೂಕಾಲು ಮೀಟರ್ ಮೀರದಂತೆ, ಒಬ್ಬನೇ ಎತ್ತಿ ಬಾಗಿಲು ದಾಟಿಸುವಂತೆ, ಬೋಲ್ಟುಗಳಿಂದ ಜೋಡಿಸುವಂತೆ, ತಂತಿಗಳು ಪ್ಲಗ್ಗಿನಲ್ಲಿ ಕಳಚುವಂತೆ ಇರಬೇಕು. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳೇ ಹೆಚ್ಚಿರುವ ನಗರಗಳಲ್ಲಿ ಈ ನಿಯಮವನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಾಗಿಲಿನ ಅಗಲವನ್ನು ಅಳೆದ ಮೇಲೆ ತಿರುವಿನ ತ್ರಿಜ್ಯವನ್ನು ಎಳೆಯಬಹುದು.